ತಾಳಿ ಗೃಹ್ಯಸೂತ್ರದಲ್ಲಿಲ್ಲ, ನಿಜ. ಹಾಗಾದರೆ ಕಟ್ಟುವುದೇಕೆ?

ಪ್ರಶ್ನೆ: ಮಗಳ ಮದುವೆ ಬರುವ ವೈಶಾಖದಲ್ಲಿ ನಿಶ್ಚಯವಾಗಿದೆ. ನಮ್ಮದು ಆಪಸ್ತಂಬ ಸೂತ್ರ, ಬೀಗರದು ಆಶ್ವಲಾಯನ ಸೂತ್ರ. ಮದುವೆಯಂಥ ಮನೆಯ ಕರ್ಮಗಳ ವಿಧಿ ಹೇಳುವ ಗೃಹ್ಯಸೂತ್ರಗಳ ಇಂಗ್ಲಿಷ್ ಅನುವಾದವನ್ನು ಮಗಳು ತರಿಸಿಕೊಂಡು ಓದಿದಳು. ಅದರಲ್ಲಿ ತಾಳಿ ಇಲ್ಲ, ಜೀರಿಗೆ ಬೆಲ್ಲ ಇಲ್ಲ, ಕಾಶೀಯಾತ್ರೆ ಇಲ್ಲ. "ಗ್ರಂಥದಲ್ಲಿ ಇರುವಷ್ಟೇ ಮಾಡೋಣ, ಮಿಕ್ಕಿದ್ದೆಲ್ಲ ಆಮೇಲೆ ಯಾರೋ ಸೇರಿಸಿದ್ದು" ಅನ್ನುತ್ತಾಳೆ. ನಮ್ಮ ಅತ್ತೆಯವರು ಇದನ್ನು ಕೇಳಿ ಒಂದು ಹೊತ್ತು ಊಟವನ್ನೇ ಬಿಟ್ಟರು. ಇಬ್ಬರಲ್ಲಿ ಯಾರು ಸರಿ? ಎರಡು ಸೂತ್ರದವರ ಮದುವೆ ಯಾವುದರ ಪ್ರಕಾರ ನಡೆಯಬೇಕು? ಹದಿನಾರು ಸಂಸ್ಕಾರ ಅನ್ನುತ್ತಾರಲ್ಲ, ಅವು ಎಲ್ಲಿ ಹೇಳಿವೆ?

ಉತ್ತರ: ನಿಮ್ಮ ಮಗಳು ಮೂಲಗ್ರಂಥ ತೆಗೆದು ಓದಿದಳಲ್ಲ, ಮೊದಲು ಅವಳನ್ನು ನನ್ನ ಪರವಾಗಿ ಅಭಿನಂದಿಸಿ. ಮದುವೆಯ ಸೀರೆ, ಊಟದ ಪಟ್ಟಿಗೆ ತಿಂಗಳುಗಟ್ಟಲೆ ಓಡಾಡುವ ನಾವು ಮಂತ್ರದ ಅರ್ಥಕ್ಕೆ ಅರ್ಧ ಗಂಟೆ ಕೊಡುವುದಿಲ್ಲ. ಅವಳು ಕಂಡದ್ದೂ ಸರಿಯೇ. ಮಂಗಳಸೂತ್ರ ಕಟ್ಟುವ ವಿಧಿ ಆಶ್ವಲಾಯನರಲ್ಲೂ ಇಲ್ಲ, ಆಪಸ್ತಂಬರಲ್ಲೂ ಇಲ್ಲ. "ಮಾಂಗಲ್ಯಂ ತಂತುನಾನೇನ" ಎಂದು ಪುರೋಹಿತರು ಹೇಳುವುದು ಒಂದು ಶ್ಲೋಕ, ವೇದಮಂತ್ರವಲ್ಲ. ಆದರೆ ಅವಳು ಅದೇ ಪುಸ್ತಕದ ಒಂದೆರಡು ಸಾಲುಗಳನ್ನು ಗಮನಿಸದೆ ದಾಟಿ ಹೋಗಿದ್ದಾಳೆ. ಆ ಸಾಲುಗಳಲ್ಲಿ ಋಷಿಗಳು ನಿಮ್ಮ ಅತ್ತೆಯವರ ಪಕ್ಷದಲ್ಲಿದ್ದಾರೆ.

ಆಶ್ವಲಾಯನ ಗೃಹ್ಯಸೂತ್ರದ ಮೊದಲ ಅಧ್ಯಾಯ, ಏಳನೆಯ ಖಂಡ ತೆಗೆಯಲು ಹೇಳಿ. ಮದುವೆಯ ವಿಧಿ ಶುರುವಾಗುವುದೇ ಅಲ್ಲಿ. ಮೊದಲ ಸೂತ್ರ ಹೀಗಿದೆ: "ಅಥ ಖಲೂಚ್ಚಾವಚಾ ಜನಪದಧರ್ಮಾ ಗ್ರಾಮಧರ್ಮಾಶ್ಚ, ತಾನ್ ವಿವಾಹೇ ಪ್ರತೀಯಾತ್." ನಾಡು ನಾಡಿಗೆ, ಊರು ಊರಿಗೆ ಪದ್ಧತಿಗಳು ಬಗೆಬಗೆಯಾಗಿವೆ, ಮದುವೆಯಲ್ಲಿ ಅವನ್ನು ಅನುಸರಿಸಬೇಕು ಎಂದರ್ಥ. ಮರುಸೂತ್ರ ಇನ್ನೂ ಚಿಕ್ಕದು: "ಯತ್ತು ಸಮಾನಂ ತದ್ವಕ್ಷ್ಯಾಮಃ." ಎಲ್ಲ ಕಡೆಗೂ ಸಮಾನವಾದದ್ದು ಯಾವುದೋ ಅದನ್ನಷ್ಟೇ ನಾವು ಹೇಳುತ್ತೇವೆ. ಅಂದರೆ ಸೂತ್ರಕಾರರು ಪೂರ್ತಿ ಮದುವೆಯನ್ನು ಬರೆಯಲೇ ಇಲ್ಲ, ಬರೆಯುವ ಉದ್ದೇಶವೂ ಅವರಿಗಿರಲಿಲ್ಲ. ಎಲ್ಲರಿಗೂ ಸಲ್ಲುವ ಬೆನ್ನೆಲುಬನ್ನು ಬರೆದಿಟ್ಟು, ಮಿಕ್ಕದ್ದನ್ನು ಊರಿಗೆ ಬಿಟ್ಟರು. "ಗ್ರಂಥದಲ್ಲಿ ಇರುವಷ್ಟೇ" ಮಾಡಿದರೆ ಗ್ರಂಥವೇ ಹೇಳಿದ ಒಂದು ಮಾತನ್ನು ಮೀರಿದ ಹಾಗಾಯಿತು.

ನಿಮ್ಮದೇ ಆಪಸ್ತಂಬರು ಇನ್ನೂ ಒಂದು ಹೆಜ್ಜೆ ಮುಂದೆ. ಎರಡನೆಯ ಖಂಡದಲ್ಲಿ, ಮದುವೆಯ ಕಾಲವನ್ನು ಹೇಳಿ ಮುಗಿಸಿದ ಕೂಡಲೇ, "ಆವೃತಶ್ಚಾಸ್ತ್ರೀಭ್ಯಃ ಪ್ರತೀಯೇರನ್" ಎನ್ನುತ್ತಾರೆ. ಮಾಡಬೇಕಾದ ನಡಾವಳಿಗಳನ್ನು ಹೆಂಗಸರಿಂದಲೂ ಕೇಳಿ ತಿಳಿದುಕೊಳ್ಳಬೇಕು. ಶುಕ್ಲ ಯಜುರ್ವೇದದ ಪಾರಸ್ಕರರು ಇದಕ್ಕೆ ಶ್ರುತಿಯ, ಅಂದರೆ ವೇದದ ಆಧಾರವನ್ನೇ ಕೊಡುತ್ತಾರೆ. ಮದುವೆ ಮತ್ತು ಸ್ಮಶಾನ ಇವೆರಡರ ವಿಷಯದಲ್ಲಿ ಊರಿನ ಮಾತು ಕೇಳು, "ತಸ್ಮಾತ್ತಯೋರ್ಗ್ರಾಮಃ ಪ್ರಮಾಣಮ್", ಈ ಎರಡಕ್ಕೂ ಗ್ರಾಮವೇ ಪ್ರಮಾಣ. ಸೀಮಂತದ ಪ್ರಕರಣದ ಕೊನೆಯಲ್ಲಿ ಆಶ್ವಲಾಯನರು ಹೇಳುವುದನ್ನೂ ನೋಡಿ. ಗಂಡ ಮಕ್ಕಳು ಬದುಕಿರುವ ಹಿರಿಯ ಮುತ್ತೈದೆಯರು "ಯದ್ ಯದುಪದಿಶೇಯುಸ್ತತ್ತತ್ಕುರ್ಯುಃ", ಏನೇನು ಹೇಳುತ್ತಾರೋ ಅದನ್ನದನ್ನು ಮಾಡಬೇಕು. ಮಂತ್ರ, ಹೋಮ, ದರ್ಭೆ ಎಲ್ಲ ಮುಗಿದ ಮೇಲೆ ಋಷಿ ಅಜ್ಜಿಯರ ಕಡೆಗೆ ತಿರುಗುತ್ತಾನೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು ಇದು. ಪಾಠ ಹೇಳುವಾಗ ಈ ಸೂತ್ರಕ್ಕೆ ಬಂದಾಗಲೆಲ್ಲ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಇಲ್ಲಿ "ಆವೃತ್" ಎಂಬ ಪದದ ಬಗ್ಗೆ ಒಂದು ಮಾತು. ಮಂತ್ರವಿಲ್ಲದೆ ಬರೀ ಕ್ರಿಯೆಯಾಗಿ ನಡೆಸುವುದಕ್ಕೆ ಈ ಪದ. ಹೆಣ್ಣುಮಗುವಿನ ಸಂಸ್ಕಾರಗಳನ್ನು ಹೇಳುವಾಗ ಆಶ್ವಲಾಯನರು ಇದನ್ನೇ ಬಳಸುತ್ತಾರೆ: "ಆವೃತೈವ ಕುಮಾರ್ಯೈ", ಹೆಣ್ಣುಮಗುವಿಗೆ ಮಂತ್ರವಿಲ್ಲದೆ ಕ್ರಿಯೆ ಮಾತ್ರ. ನಿಮ್ಮ ಮಗಳು ಇದನ್ನು ಓದಿ ನೊಂದಿರಬಹುದು. ನೋಯುವುದು ನ್ಯಾಯವೇ. ಆದರೆ ಅವಳ ಮದುವೆಯಲ್ಲಿ ಹೇಳುವ ಮಂತ್ರಗಳ ದೊಡ್ಡ ಪಾಲು ಬಂದಿರುವುದು ಋಗ್ವೇದ ಹತ್ತನೆಯ ಮಂಡಲದ 85ನೆಯ ಸೂಕ್ತದಿಂದ. 47 ಮಂತ್ರಗಳ ಆ ಸೂಕ್ತದ ಋಷಿ ಸೂರ್ಯಾ ಸಾವಿತ್ರೀ, ಒಬ್ಬ ಹೆಣ್ಣು. ವರ ಕೈಹಿಡಿಯುವಾಗ ಹೇಳುವ "ಗೃಭ್ಣಾಮಿ ತೇ ಸೌಭಗತ್ವಾಯ ಹಸ್ತಮ್" ಅಲ್ಲಿಯದೇ. ಇವತ್ತು ಹೆಣ್ಣುಮಕ್ಕಳ ನಾಮಕರಣ, ಅನ್ನಪ್ರಾಶನವನ್ನು ಮಂತ್ರಸಹಿತ ಮಾಡಿಸುವ ಮನೆಗಳಿವೆ. ಅವರು ಸರಿಯಾದ ದಾರಿಯಲ್ಲೇ ಇದ್ದಾರೆ ಎಂಬುದು ನನ್ನ ಅಭಿಪ್ರಾಯ.

ಈಗ ಸೂತ್ರ ಅಂದರೇನು ಎಂಬುದಕ್ಕೆ ಬರುತ್ತೇನೆ. ಅಭಿವಾದನ ಮಾಡುವಾಗ ಪ್ರವರ, ಗೋತ್ರ ಹೇಳಿ "ಆಪಸ್ತಂಬಸೂತ್ರಃ ಯಜುಃಶಾಖಾಧ್ಯಾಯೀ" ಎನ್ನುತ್ತಾರಲ್ಲ, ಆ ಸೂತ್ರವೇ ಇದು. ವೇದದ ಆರು ಅಂಗಗಳಲ್ಲಿ ಕಲ್ಪ ಒಂದು. ದೊಡ್ಡ ಯಾಗಗಳಿಗೆ ಶ್ರೌತಸೂತ್ರ, ಮನೆಯ ಒಂದೇ ಅಗ್ನಿಯಲ್ಲಿ ಮಾಡುವ ಕರ್ಮಗಳಿಗೆ ಗೃಹ್ಯಸೂತ್ರ, ನಡತೆಗೆ ಧರ್ಮಸೂತ್ರ, ವೇದಿಯ ಅಳತೆಗೆ ಶುಲ್ಬಸೂತ್ರ. ವೇದದ ಒಂದೊಂದು ಶಾಖೆಯನ್ನು ಓದುವ ಕುಲಗಳಿಗೆ ಒಂದೊಂದು ಸೂತ್ರ. ಋಗ್ವೇದಿಗಳಿಗೆ ಆಶ್ವಲಾಯನ, ಶಾಂಖಾಯನ. ಕೃಷ್ಣ ಯಜುರ್ವೇದಿಗಳಿಗೆ ಬೌಧಾಯನ, ಆಪಸ್ತಂಬ, ಹಿರಣ್ಯಕೇಶೀ ಮುಂತಾದವು. ಶುಕ್ಲ ಯಜುರ್ವೇದಿಗಳಿಗೆ ಪಾರಸ್ಕರ. ಸಾಮವೇದಿಗಳಿಗೆ ಗೋಭಿಲ, ಖಾದಿರ, ಜೈಮಿನೀಯ. ನಮ್ಮ ನಾಡಿನಲ್ಲಿ ಹವ್ಯಕರು ಹೆಚ್ಚಾಗಿ ಬೌಧಾಯನದವರು. ಹಂಪಿಯ ಕಾಲದ ಮಾಧವಾಚಾರ್ಯರು ತಮ್ಮನ್ನು ಪರಿಚಯಿಸಿಕೊಳ್ಳುವಾಗ "ಯಸ್ಯ ಬೌಧಾಯನಂ ಸೂತ್ರಂ ಶಾಖಾ ಯಸ್ಯ ಚ ಯಾಜುಷೀ" ಎಂದು ಬರೆದುಕೊಂಡಿದ್ದಾರೆ. ವೇದಭಾಷ್ಯ ಬರೆದ ಸಾಯಣರು ಇವರ ತಮ್ಮ. ಆ ಬೌಧಾಯನ ಗೃಹ್ಯಸೂತ್ರವನ್ನು 1920ರಲ್ಲಿ ಮೈಸೂರಿನಿಂದ ಅಚ್ಚುಹಾಕಿಸಿದವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳೇ.

ನಿಮ್ಮ ಮಗಳು ಓದಿದ್ದು ಪ್ರಾಯಶಃ ಓಲ್ಡನ್‌ಬರ್ಗ್ ಅವರ ಅನುವಾದ. ಅದು 1886 ಮತ್ತು 1892ರಲ್ಲಿ ಎರಡು ಸಂಪುಟಗಳಾಗಿ ಬಂತು. ಆಶ್ವಲಾಯನ ಮೊದಲ ಸಂಪುಟದಲ್ಲಿದೆ, ಆಪಸ್ತಂಬ ಎರಡನೆಯದರಲ್ಲಿ. ಆಪಸ್ತಂಬವನ್ನು ಅದರಲ್ಲಿ ಓದಿದವರಿಗೆ ತಲೆ ಚಿಟ್ಟು ಹಿಡಿಯುತ್ತದೆ, ಯಾಕೆಂದರೆ ಪುಟಪುಟಕ್ಕೂ "ಮುಂದಿನ ಮಂತ್ರದಿಂದ", "ಮುಂದಿನ ಐದು ಮಂತ್ರಗಳಿಂದ" ಎಂದಷ್ಟೇ ಇರುತ್ತದೆ. ಮಂತ್ರ ಯಾವುದು ಎಂದು ಇರುವುದಿಲ್ಲ. ಆ ಮಂತ್ರಗಳೆಲ್ಲ ಏಕಾಗ್ನಿಕಾಂಡ ಎಂಬ ಬೇರೆ ಸಂಗ್ರಹದಲ್ಲಿ, ಬಳಸುವ ಕ್ರಮದಲ್ಲೇ ಜೋಡಿಸಿವೆ. ಅದನ್ನು ಬಾಯಿಪಾಠ ಮಾಡಿದವನಿಗೆ ಸೂತ್ರ ಬರೀ ಗುರುತಿನ ಗಂಟು. ಇನ್ನು ನಿಮ್ಮ ಪುರೋಹಿತರು ಕೈಯಲ್ಲಿ ಹಿಡಿದು ಬರುವುದು ಸೂತ್ರವನ್ನೂ ಅಲ್ಲ, ಕರ್ಮವನ್ನು ಹೆಜ್ಜೆಹೆಜ್ಜೆಯಾಗಿ ಮಾಡಿಸುವ ಪ್ರಯೋಗದ ಪುಸ್ತಕವನ್ನು. ಸೂತ್ರಕ್ಕೆ ವೃತ್ತಿ ಅಂದರೆ ವಿವರಣೆ, ಅದರಿಂದ ಪ್ರಯೋಗ, ಪ್ರಯೋಗಕ್ಕೆ ಆಯಾ ಸೀಮೆಯ ರೂಢಿ, ಹೀಗೆ ಅದು ಹಂತಹಂತವಾಗಿ ನಮ್ಮ ಹಸೆಮಣೆಯವರೆಗೆ ಇಳಿದು ಬಂದಿದೆ. ಆಪಸ್ತಂಬಕ್ಕೆ ಹರದತ್ತರ ಅನಾಕುಲಾ, ಸುದರ್ಶನಾಚಾರ್ಯರ ತಾತ್ಪರ್ಯದರ್ಶನ ಎಂಬ ಎರಡು ವ್ಯಾಖ್ಯಾನಗಳಿವೆ. ಮಗಳಿಗೆ ನಿಜವಾದ ಆಸಕ್ತಿಯಿದ್ದರೆ ಅವುಗಳ ಸಹಾಯ ಬೇಕೇ ಬೇಕು.

ಅವಳು "ಇಲ್ಲ" ಎಂದ ಒಂದೊಂದನ್ನೂ ಈಗ ನೋಡೋಣ.

ತಾಳಿ. ಆಪಸ್ತಂಬರ ನಾಲ್ಕನೆಯ ಖಂಡದಲ್ಲಿ ಒಂದು ಅಪರೂಪದ ಕ್ರಿಯೆ ಇದೆ. ವಧುವಿನ ತಲೆಯ ಮೇಲೆ ದರ್ಭೆಯ ಸಿಂಬಿ ಇಟ್ಟು, ಅದರ ಮೇಲೆ ನೊಗದ ಬಲಗಡೆಯ ತೂತು ಬರುವಂತೆ ಹಿಡಿದು, ತೂತಿನಲ್ಲಿ ಬಂಗಾರವಿಟ್ಟು, ಐದು ಮಂತ್ರಗಳಿಂದ ನೀರೆರೆಯುತ್ತಾರೆ. ಹಿಂದೆ ಇರುವ ಕಥೆ ಋಗ್ವೇದ ಎಂಟನೆಯ ಮಂಡಲದ ಅಪಾಲಾ ಎಂಬ ಹುಡುಗಿಯದು. ಇಂದ್ರ ಅವಳನ್ನು ರಥದ, ಬಂಡಿಯ, ನೊಗದ ತೂತುಗಳ ಮೂಲಕ ಶುದ್ಧಿ ಮಾಡಿ ಸೂರ್ಯನಂತೆ ಹೊಳೆಯುವ ಚರ್ಮ ಕೊಟ್ಟ. ಆಪಸ್ತಂಬದ ಮದುವೆಗಳಲ್ಲಿ ಮರದ ಪುಟ್ಟ ನೊಗ ತಂದಿಡುವುದನ್ನು ನೀವು ನೋಡಿರಬೇಕು. ಎಷ್ಟೋ ಮನೆಗಳಲ್ಲಿ ಆ ತೂತಿನ ಮೇಲೆ ಇಡುವ ಬಂಗಾರ ತಾಳಿಯೇ. ಸೂತ್ರದ ಬಂಗಾರವೂ ದಕ್ಷಿಣದ ತಾಳಿಯೂ ಒಂದೇ ತೂತಿನ ಮೇಲೆ ಕೂತಿವೆ. ಇದಾದ ಮೇಲೆ ಹೊಸ ಸೀರೆ ಉಡಿಸಿ, ವಧುವಿನ ಸೊಂಟಕ್ಕೆ ದರ್ಭೆಯ ಹುರಿ ಬಿಗಿಯುತ್ತಾರೆ. ಅದಕ್ಕೆ ಯೋಕ್ತ್ರ ಎಂದು ಹೆಸರು. ಸೂತ್ರಕಾರರು ಮಂತ್ರ ಹೇಳಿ ಕಟ್ಟಿಸಿದ ಕಟ್ಟು ಅದು. ಕೊರಳಿನದು ನಮ್ಮ ಜನಪದಧರ್ಮ. ಎರಡೂ ನಡೆಯಲಿ.

ಧಾರೆಯನ್ನು ನಿಮ್ಮ ಮಗಳು ಪಟ್ಟಿಯಲ್ಲಿ ಸೇರಿಸಿಲ್ಲ, ಒಳ್ಳೆಯದು. "ಅಲಂಕೃತ್ಯ ಕನ್ಯಾಮುದಕಪೂರ್ವಾಂ ದದ್ಯಾತ್", ಕನ್ಯೆಯನ್ನು ಅಲಂಕರಿಸಿ ನೀರೆರೆದು ಕೊಡಬೇಕು, ಅದೇ ಬ್ರಾಹ್ಮವಿವಾಹ ಎಂಬುದು ಆಶ್ವಲಾಯನರ ಮಾತು. ಕನ್ನಡದಲ್ಲಿ ಮದುವೆಗೇ "ಧಾರೆ" ಎಂಬ ಹೆಸರು ನಿಂತಿರುವುದು ಈ ನೀರಿನಿಂದ.

ಕಾಶೀಯಾತ್ರೆ ಆ ಹೆಸರಿನಲ್ಲಿ ಸೂತ್ರದಲ್ಲಿಲ್ಲ. ಆದರೆ ಕೊಡೆ, ಚಪ್ಪಲಿ, ಕೋಲು, ರುಮಾಲು, ಕಣ್ಣಿಗೆ ಕಾಡಿಗೆ? ಅವೆಲ್ಲ ಇವೆ. ಸಮಾವರ್ತನಕ್ಕೆ, ಅಂದರೆ ವೇದಾಧ್ಯಯನ ಮುಗಿಸಿ ಗುರುವಿನ ಮನೆಯಿಂದ ಹೊರಡುವ ಹುಡುಗನಿಗೆ ಸಿದ್ಧಪಡಿಸಬೇಕಾದ ವಸ್ತುಗಳ ಪಟ್ಟಿಯನ್ನು ಆಶ್ವಲಾಯನರು ಮೂರನೆಯ ಅಧ್ಯಾಯದಲ್ಲಿ ಕೊಡುತ್ತಾರೆ: ಮಣಿ, ಎರಡು ಕುಂಡಲ, ಜೋಡಿ ವಸ್ತ್ರ, ಛತ್ರ, ಜೋಡಿ ಪಾದರಕ್ಷೆ, ದಂಡ, ಮಾಲೆ, ಲೇಪನ, ಅಂಜನ, ಉಷ್ಣೀಷ. ಬ್ರಹ್ಮಚರ್ಯದಲ್ಲಿ ನಿಷೇಧವಾಗಿದ್ದ ಸುಖಗಳು ಅವತ್ತು ಒಟ್ಟಿಗೆ ಕೈಗೆ ಬರುತ್ತವೆ. ಗುರುಕುಲ ಹೋಯಿತು, ಸಮಾವರ್ತನ ಮದುವೆಯ ಹಿಂದಿನ ದಿನಕ್ಕೋ ಅವತ್ತಿನ ಬೆಳಗಿಗೋ ಬಂದು ಅಂಟಿಕೊಂಡಿತು. ಭಾವಮೈದುನ ಕೊಡೆ ಹಿಡಿದು, ಮಾವ ಬೆಲ್ಲ ಕೊಟ್ಟು "ಕಾಶಿಗೆ ಹೋಗಬೇಡಿ, ಮಗಳನ್ನು ಕೊಡುತ್ತೇವೆ" ಎಂದು ಕರೆತರುವ ಚೆಂದದ ಆಟ ಅದರ ಮೇಲೆ ಬೆಳೆಯಿತು.

ಜೀರಿಗೆ ಬೆಲ್ಲ ಗ್ರಾಮಧರ್ಮವೇ, ಅನುಮಾನವಿಲ್ಲ. ಆದರೂ ಅಂತರಪಟ ಸರಿಸಿದಾಗ ವಧೂವರರು ಒಬ್ಬರನ್ನೊಬ್ಬರು ನೋಡುವುದು ಸೂತ್ರದ ಸಮೀಕ್ಷಣ. ನೋಟ ಸೂತ್ರದ್ದು, ತಲೆಯ ಮೇಲಿನ ಜೀರಿಗೆ ಬೆಲ್ಲ ಊರಿನದು.

ಇನ್ನೊಂದು ದಿಕ್ಕಿನಿಂದಲೂ ಯೋಚಿಸಬೇಕು. ಸೂತ್ರದಲ್ಲಿದ್ದು ನಾವು ಬಿಟ್ಟದ್ದೆಷ್ಟು? ಮದುವೆಯಾದ ಮೇಲೆ ದಂಪತಿ ಮೂರು ರಾತ್ರಿ ಉಪ್ಪು ಖಾರ ಬಿಟ್ಟು, ನೆಲದ ಮೇಲೆ ಮಲಗಿ, ಬ್ರಹ್ಮಚರ್ಯದಲ್ಲಿರಬೇಕು. ಹನ್ನೆರಡು ರಾತ್ರಿ, ಒಂದು ವರ್ಷ ಎಂಬ ವಿಕಲ್ಪಗಳನ್ನೂ ಆಶ್ವಲಾಯನರು ಕೊಟ್ಟಿದ್ದಾರೆ. ಆಪಸ್ತಂಬರಲ್ಲಿ ಆ ಮೂರು ರಾತ್ರಿ ಇಬ್ಬರ ನಡುವೆ ಗಂಧ ಸವರಿ ಬಟ್ಟೆ ಸುತ್ತಿದ ದಂಡವೊಂದನ್ನು ಮಲಗಿಸಬೇಕು. ನಾಲ್ಕನೆಯ ರಾತ್ರಿಯ ಕೊನೆಗೆ ಅದನ್ನು ತೆಗೆದು ಹೋಮ. ಈಗ ಆ ಹೋಮ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮುಗಿದಿರುತ್ತದೆ. ವರನನ್ನು ಸತ್ಕರಿಸುವ ಮಧುಪರ್ಕದಲ್ಲಿ, ಅನ್ನಪ್ರಾಶನದಲ್ಲಿ ಮಾಂಸದ ಪ್ರಸ್ತಾಪವಿದೆ. ಧರ್ಮಶಾಸ್ತ್ರದ ಸಂಗ್ರಹಗಳನ್ನು ಬರೆದ ಆಮೇಲಿನ ನಿಬಂಧಕಾರರು ಅಂಥವನ್ನು ಕಲಿವರ್ಜ್ಯ, ಅಂದರೆ ಕಲಿಯುಗದಲ್ಲಿ ಬಿಡಬೇಕಾದದ್ದು ಎಂದು ಕೈಬಿಟ್ಟರು. ಹಾಗಾಗಿ "ಗ್ರಂಥದಲ್ಲಿ ಇರುವಷ್ಟೇ" ಮದುವೆ ಯಾರೂ ಮಾಡಿಕೊಂಡಿಲ್ಲ, ಯಾವ ಕಾಲದಲ್ಲೂ ಮಾಡಿಕೊಂಡಿರಲಾರರು.

ಎರಡು ಸೂತ್ರಗಳ ಪ್ರಶ್ನೆಗೆ ಉತ್ತರ ಸುಲಭ. ಕನ್ಯಾದಾನದವರೆಗೆ ಕೊಡುವವರ ಪ್ರಯೋಗ, ಪಾಣಿಗ್ರಹಣದಿಂದ ಮುಂದಕ್ಕೆ ವರನ ಸೂತ್ರ. ಅಗ್ನಿ ಅವನ ಮನೆಯದು, ಹಾಗಾಗಿ ಮಂತ್ರವೂ ಆ ಮನೆಯದು. ಇದು ಸಾಮಾನ್ಯವಾಗಿ ನಡೆದು ಬಂದ ಕ್ರಮ. ಇಬ್ಬರು ಪುರೋಹಿತರನ್ನೂ ಮದುವೆಗೆ ಮುಂಚೆ ಒಮ್ಮೆ ಒಟ್ಟಿಗೆ ಕೂಡಿಸಿ. ವ್ಯತ್ಯಾಸ ಅಷ್ಟು ದೊಡ್ಡದಲ್ಲ. ಉದಾಹರಣೆಗೆ ಸಪ್ತಪದಿ. ಆಶ್ವಲಾಯನದಲ್ಲಿ ಮೊದಲ ಹೆಜ್ಜೆ ಅನ್ನಕ್ಕೆ, ಎರಡನೆಯದು ಬಲಕ್ಕೆ, ಮೂರನೆಯದು ಸಂಪತ್ತಿನ ಬೆಳವಣಿಗೆಗೆ, ಐದನೆಯದು ಸಂತಾನಕ್ಕೆ. ಆಪಸ್ತಂಬರಲ್ಲಿ ಮೊದಲೆರಡು ಅವೇ, ಆದರೆ ಮೂರನೆಯದು ವ್ರತಕ್ಕೆ, ಐದನೆಯದು ಪಶುಗಳಿಗೆ, ಹೆಜ್ಜೆಹೆಜ್ಜೆಗೂ "ವಿಷ್ಣುಸ್ತ್ವಾನ್ವೇತು", ವಿಷ್ಣು ನಿನ್ನ ಜೊತೆ ಬರಲಿ. ಏಳನೆಯ ಹೆಜ್ಜೆಯಲ್ಲಿ ಎರಡೂ ಸೂತ್ರಗಳು ಒಂದೇ ಪದಕ್ಕೆ ಬಂದು ನಿಲ್ಲುತ್ತವೆ: ಸಖಾ. ಗೆಳತಿಯಾಗು ಎಂದು. ಒಡತಿ, ದಾಸಿ, ಗೃಹಿಣಿ ಎಂಬ ಯಾವ ಪದವನ್ನೂ ಇಡದೆ ಗೆಳೆತನದ ಪದ ಇಟ್ಟಿದ್ದಾರೆ. ಇದನ್ನು ಇಬ್ಬರಿಗೂ ಮುಂಚಿತವಾಗಿ ಓದಿ ಅರ್ಥ ಹೇಳಿ. ಛತ್ರದಲ್ಲಿ ಈ ಹೊತ್ತಿಗೆ ವಾದ್ಯದ ಸದ್ದಿನಲ್ಲಿ, ಫೋಟೋದವರ ಗಲಾಟೆಯಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ.

ಕಾನೂನು ಕೂಡ ಋಷಿಗಳ ದಾರಿಯಲ್ಲೇ ಇದೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೆಯ ಕಲಮಿನ ಪ್ರಕಾರ ವಧೂವರರಲ್ಲಿ ಯಾರಾದರೊಬ್ಬರ ಕಡೆಯ ರೂಢಿಯಂತೆ ಮದುವೆ ನಡೆದರೆ ಸಾಕು. ಆ ರೂಢಿಯಲ್ಲಿ ಸಪ್ತಪದಿ ಇದ್ದರೆ ಏಳನೆಯ ಹೆಜ್ಜೆಗೆ ಮದುವೆ ಪೂರ್ಣ. ಕೊಡವರ ಮದುವೆಯಲ್ಲಿ ಪುರೋಹಿತರೂ ಇಲ್ಲ, ಹೋಮವೂ ಇಲ್ಲ, ಹಿರಿಯರು ಅಕ್ಕಿ ಹಾಕಿ ಹರಸುತ್ತಾರೆ. ಅದೂ ಪೂರ್ಣವಾದ ಮದುವೆಯೇ, ಜನಪದಧರ್ಮವೇ.

ಹದಿನಾರರ ವಿಷಯ. ಗೃಹ್ಯಸೂತ್ರಗಳು ಹದಿನಾರು ಎಂದು ಎಣಿಸುವುದಿಲ್ಲ. ಒಂದೊಂದರಲ್ಲಿ ಒಂದೊಂದು ಲೆಕ್ಕ. ಆ ಎಣಿಕೆ ನಿಂತದ್ದು ವ್ಯಾಸಸ್ಮೃತಿಯಂಥ ಆಮೇಲಿನ ಗ್ರಂಥಗಳಲ್ಲಿ. 19ನೆಯ ಶತಮಾನದಲ್ಲಿ ದಯಾನಂದ ಸರಸ್ವತಿಯವರ ಸಂಸ್ಕಾರವಿಧಿಯೂ ಹದಿನಾರನ್ನೇ ಹಿಡಿಯಿತು. ನಾವು ಇಷ್ಟು ಸಂಭ್ರಮದಿಂದ ಮಾಡುವ ಅಕ್ಷರಾಭ್ಯಾಸ ಗೃಹ್ಯಸೂತ್ರಗಳಲ್ಲಿಲ್ಲ. ಇವೆಲ್ಲಕ್ಕಿಂತ ದೊಡ್ಡ ಪಟ್ಟಿ ಗೌತಮ ಧರ್ಮಸೂತ್ರದ ಎಂಟನೆಯ ಅಧ್ಯಾಯದ್ದು, ಅಲ್ಲಿ ನಲವತ್ತು ಸಂಸ್ಕಾರಗಳಿವೆ. ಗರ್ಭಾಧಾನದಿಂದ ಉಪನಯನದವರೆಗೆ ಎಂಟು, ವೇದವ್ರತಗಳು ನಾಲ್ಕು, ಸ್ನಾನ, ವಿವಾಹ, ಪಂಚಮಹಾಯಜ್ಞಗಳು, ಪಾಕಯಜ್ಞ ಏಳು, ಹವಿರ್ಯಜ್ಞ ಏಳು, ಸೋಮಯಜ್ಞ ಏಳು. ಇಷ್ಟು ಹೇಳಿ ಗೌತಮರು ಎಂಟು ಆತ್ಮಗುಣಗಳನ್ನು ಹೇಳುತ್ತಾರೆ: ಎಲ್ಲ ಜೀವಿಗಳಲ್ಲಿ ದಯೆ, ಸಹನೆ, ಹೊಟ್ಟೆಕಿಚ್ಚಿಲ್ಲದಿರುವುದು, ಶುಚಿ, ಅತಿಶ್ರಮಕ್ಕೆ ಹೋಗದಿರುವುದು, ಮಂಗಳ, ಜಿಪುಣತನವಿಲ್ಲದಿರುವುದು, ಆಸೆಬುರುಕತನವಿಲ್ಲದಿರುವುದು. ನಲವತ್ತು ಸಂಸ್ಕಾರವಾಗಿಯೂ ಈ ಎಂಟು ಇಲ್ಲದವನಿಗೆ ಬ್ರಹ್ಮಸಾಯುಜ್ಯ, ಅಂದರೆ ಬ್ರಹ್ಮನೊಡನೆ ಒಂದಾಗುವುದು ಇಲ್ಲ, ನಲವತ್ತರಲ್ಲಿ ಕೆಲವೇ ಆಗಿದ್ದು ಈ ಎಂಟೂ ಇದ್ದವನಿಗೆ ಉಂಟು ಎನ್ನುತ್ತಾರೆ. ಧರ್ಮಶಾಸ್ತ್ರವನ್ನು ಕರ್ಮಠರ ಪುಸ್ತಕ ಎಂದುಕೊಂಡವರಿಗೆ ನಾನು ಮೊದಲು ತೋರಿಸುವುದು ಈ ಪುಟವನ್ನು.

ಮಗಳಿಗೆ ಇನ್ನೂ ಒಂದನ್ನು ತೋರಿಸಿ, ಮುಂದೆ ಅವಳ ಸೀಮಂತಕ್ಕೆ ಬೇಕಾಗುತ್ತದೆ. ಮುಳ್ಳುಹಂದಿಯ ಮುಳ್ಳಿನಿಂದ ಬೈತಲೆ ತೆಗೆದ ಮೇಲೆ ವೀಣೆಯವರಿಗೆ "ಸೋಮರಾಜನನ್ನು ಹಾಡಿ" ಎಂದು ಹೇಳಬೇಕು. ಆ ಹಾಡಿನಲ್ಲಿ ತಾವು ಯಾವ ನದಿಯ ದಡದಲ್ಲಿ ವಾಸವಾಗಿದ್ದಾರೋ ಆ ನದಿಯ ಹೆಸರು ಬರಬೇಕು. ಸೂತ್ರಕಾರರು ಇಲ್ಲಿ ಗಂಗೆ ಎಂದು ಬರೆದು ಮುಗಿಸಬಹುದಿತ್ತು. ಜಾಗ ಖಾಲಿ ಬಿಟ್ಟಿದ್ದಾರೆ. ಶ್ರೀರಂಗಪಟ್ಟಣದಲ್ಲಿ ಅಲ್ಲಿ ಕಾವೇರಿ ಬರುತ್ತಾಳೆ, ಹಂಪಿಯಲ್ಲಿ ತುಂಗಭದ್ರೆ, ಹೊನ್ನಾವರದಲ್ಲಿ ಶರಾವತಿ. ಬೇರೆ ದೇಶಕ್ಕೆ ಹೋಗಿ ನೆಲೆಸಿದ ನಮ್ಮ ಮಕ್ಕಳು ಅಲ್ಲಿನ ಹೊಳೆಯ ಹೆಸರು ಹೇಳಿದರೂ ಸೂತ್ರಕ್ಕೆ ಸರಿಯಾಗಿಯೇ ನಡೆದಂತಾಯಿತು.

ಈಗ ಕೆಲಸಕ್ಕೆ ಬನ್ನಿ. ಒಂದು ನೋಟ್‌ಬುಕ್ ತೆಗೆದುಕೊಂಡು ಮಗಳು ಅಜ್ಜಿಯ ಪಕ್ಕ ಎರಡು ದಿನ ಕೂರಲಿ. ಚಪ್ಪರದ ಪೂಜೆಯಿಂದ ಹಿಡಿದು ಹೊಸ್ತಿಲಲ್ಲಿ ಅಕ್ಕಿಯ ಸೇರು ಒದೆಯುವವರೆಗೆ ಯಾವಾಗ ಏನು, ಯಾರು ಮಾಡಬೇಕು, ಯಾವ ಹಾಡು ಎಂದು ಕೇಳಿ ಬರೆದುಕೊಳ್ಳಲಿ. ಅತ್ತೆಯವರಿಗೆ ಆಪಸ್ತಂಬರ ಆ ಸೂತ್ರವನ್ನು ಮಗಳ ಬಾಯಿಂದಲೇ ಓದಿಸಿ ಅರ್ಥ ಹೇಳಿಸಿ.

ಬಿಟ್ಟುಹೋದದ್ದರಲ್ಲಿ ಒಂದನ್ನಾದರೂ ಹಿಂದಕ್ಕೆ ತರಬೇಕೆಂದು ಮಗಳು ಬಯಸಿದರೆ ಅರುಂಧತಿ ದರ್ಶನವನ್ನು ತರಲಿ. ಹಗಲು ಹನ್ನೊಂದು ಗಂಟೆಗೆ ಛತ್ರದ ಬಾಗಿಲಿಗೆ ಕರೆದುಕೊಂಡು ಹೋಗಿ ಬಿಸಿಲಿನ ಆಕಾಶಕ್ಕೆ ಬೆರಳು ತೋರಿಸುವುದು ರೂಢಿಯಾಗಿಬಿಟ್ಟಿದೆ. ಸೂತ್ರದಲ್ಲಿ ಅದು ರಾತ್ರಿಯ ಕೆಲಸ: ಧ್ರುವ, ಅರುಂಧತಿ, ಸಪ್ತರ್ಷಿಗಳನ್ನು ಕಂಡ ಮೇಲೆ ವಧು ಮೌನ ಮುರಿಯಬೇಕು. ನಿಮ್ಮ ಮುಹೂರ್ತ ವೈಶಾಖದಲ್ಲಿದೆ, ಅದಕ್ಕೆ ಹೇಳಿ ಮಾಡಿಸಿದ ಕಾಲ. ಮೋಡವಿಲ್ಲದಿದ್ದರೆ ರಾತ್ರಿ ಎಂಟು ಗಂಟೆಗೆ ದೀಪಗಳಿಂದ ಸ್ವಲ್ಪ ದೂರ ಬಂದು ಉತ್ತರಕ್ಕೆ ಮುಖ ಮಾಡಿ ನಿಲ್ಲಲಿ. ಧ್ರುವ ನಮ್ಮ ಸೀಮೆಯಲ್ಲಿ ಬಹಳ ತಗ್ಗಿನಲ್ಲಿರುತ್ತಾನೆ, ಮರ ಕಟ್ಟಡಗಳ ಹಿಂದೆ ಮರೆಯಾಗಬಹುದು. ಸಪ್ತರ್ಷಿಮಂಡಲ ಮಾತ್ರ ಸಾಕಷ್ಟು ಎತ್ತರದಲ್ಲಿ ಕಾಣುತ್ತದೆ. ಬಾಲದ ಮೂರು ನಕ್ಷತ್ರಗಳಲ್ಲಿ ನಡುವಿನದು ವಸಿಷ್ಠ. ಅದನ್ನೇ ದಿಟ್ಟಿಸಿ ನೋಡುತ್ತಿದ್ದರೆ ಪಕ್ಕಕ್ಕೆ ಅಂಟಿಕೊಂಡಂತೆ ಮಂಕಾದ ಇನ್ನೊಂದು ಚುಕ್ಕಿ ಕಾಣಿಸುತ್ತದೆ.